ಹಪ್ಪಳದ ಗೋಡೆಗೆ ಕೊಕ್ಕೆ ಹಾಕಿದ ಜುಂಜ

ಕೇಳ್ರಪ್ಪಾ, ಹತ್ರ ಬಂದು ಕೂತು ಕೇಳ್ರಿ. ಬುದ್ಧಿ ಇದ್ದೋರು ನಗ್ರಿ, ಇಲ್ದೋರು ಪಕ್ಕದೋರು ನಕ್ಕಾಗ ನಗ್ರಿ.

ಕೆಂಚಮ್ಮ ಅಂತ ಒಬ್ಬಳಿದ್ಲು. ಮೊರ, ಜರಡಿ, ಪೊರಕೆ ಮಾರೋಳು. ಇವತ್ತು ಈ ಸಂತೆ, ನಾಳೆ ಆ ಸಂತೆ. ಅವಳಿಗೆ ಯಾವ ಊರಲ್ಲೂ ಮನೆ ಇಲ್ಲ, ಒಂದು ಹಳೇ ಮಿನಿಬಸ್ಸೇ ಮನೆ. ಸೀಟು ಕಿತ್ತಾಕಿ ಅಲ್ಲೇ ಒಲೆ, ಅಲ್ಲೇ ಚಾಪೆ, ಅಲ್ಲೇ ದೇವರ ಪಟ. ಗಂಡ ತೀರಿಕೊಂಡ ಮೇಲೆ ಸ್ಟೇರಿಂಗ್ ತಾನೇ ಹಿಡಿದಳು. ಗಟ್ಟಿಗಿತ್ತಿ ಹೆಂಗಸು!

ಆದ್ರೆ ಹೊಟ್ಟೇಲಿ ಹುಟ್ಟಿದ್ದು? ಅದು ಜುಂಜ. ಆಳೆತ್ತರ ಬೆಳೆದವ್ನೆ, ಮೀಸೆ ಬಂದೈತೆ, ಮೀಸೆಯಿಂದ ಮೇಲಕ್ಕೆ ಏನೂ ಬಂದಿಲ್ಲ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ, ಅದೇ ಅವನ ರೋಗ. "ಹಾಲು ಉಕ್ತದೆ, ನೋಡ್ಕೋ" ಅಂದ್ರೆ ಉಕ್ಕೋದನ್ನೂ ನೋಡಿ, ಒಲೆ ಆರಿಹೋಗೋದನ್ನೂ ನೋಡಿ, "ಚೆನ್ನಾಗಿ ಉಕ್ತವ್ವಾ" ಅನ್ನೋ ಪ್ರಾಣಿ.

"ನಾನು ಕಣ್ಣು ಮುಚ್ಚಿದ್ರೆ ಇದಕ್ಕೆ ಯಾರಪ್ಪಾ ದಿಕ್ಕು!" ಅಂತ ಕೆಂಚಮ್ಮ ಹಣೆ ಚಚ್ಕೊಳ್ಳೋಳು.

"ಮದುವೆ ಮಾಡು, ಬುದ್ಧಿ ತಾನಾಗೇ ಬರ್ತದೆ" ಅಂದ್ರು ನೆಂಟರು. ಬುದ್ಧಿ ಏನು ಹೆಂಡ್ತಿ ತವರಿಂದ ಹೊತ್ಕೊಂಡು ಬರೋ ಪಾತ್ರೆ ಸಾಮಾನಾ? ಆದ್ರೂ ತಾಯಿ ಕರುಳು, ನಂಬಿಬಿಡ್ತು. ಮದುವೆ ದಲ್ಲಾಳಿ ತಿಪ್ಪೇರುದ್ರಪ್ಪನಿಗೆ ಹೇಳಿ ಕಳಿಸಿದ್ಲು.

ಹೇಳಿ ಕಳಿಸಿ ಗಾಡಿ ಒಳಗೆ ನೋಡ್ತಾಳೆ, ಕಾಲಿಡೋಕೆ ಜಾಗ ಇಲ್ಲ! ಸೌಟು, ಬಾಣಲೆ, ಬಕೀಟು ಎಲ್ಲಾ ನೆಲದ ಮೇಲೆ. ರಸ್ತೆ ತಿರುವಲ್ಲಿ ಗಾಡಿ ಬಲಕ್ಕೆ ತಿರುಗಿದ್ರೆ ಪಾತ್ರೆ ಎಡಕ್ಕೆ ಓಡ್ತವೆ, ಎಡಕ್ಕೆ ತಿರುಗಿದ್ರೆ ಬಲಕ್ಕೆ ಓಡ್ತವೆ. ಇಂಥಾ ಮನೆಗೆ ಯಾರು ಹೆಣ್ಣು ಕೊಡ್ತಾರೆ?

"ಲೇ ಜುಂಜ! ಗೋಡೆಗೆ ಮೊಳೆ ಹೊಡೆಯೋ, ಪಾತ್ರೆ ನೇತಾಕಾನ. ಗಟ್ಟಿಯಾಗಿ ಹೊಡಿ, ಅಲ್ಲಾಡಬಾರದು!"

"ಹೂಂ ಅವ್ವಾ! ಗಟ್ಟಿಯಾಗಿ ಹೊಡೀತೀನಿ!"

ಕೆಂಚಮ್ಮ ಹೊರಗೆ ಬಂದು ಮೊರ ಹರಡಿ ಕೂತ್ಲು. ಮಿನಿಬಸ್ಸಿನ ಗೋಡೆ ಅಂದ್ರೆ ಏನು? ಹೊರಗೊಂದು ತಗಡು, ಒಳಗೆ ಹಪ್ಪಳದಂಥಾ ಪ್ಲೈವುಡ್ಡು. ಮಗರಾಯ ಇದ್ದಿದ್ರಲ್ಲೇ ಉದ್ದನೆ ಮೊಳೆ ಆರಿಸ್ಕೊಂಡ. ಗಾಡಿ ನೆರಳಲ್ಲಿ, ಅದೇ ತಗಡಿಗೆ ಒರಗಿಕೊಂಡು ಮಂಡಕ್ಕಿ ಮಾರೋ ಸಣ್ಣೀರಪ್ಪ ತೂಕಡಿಸ್ತಾ ಕೂತಿದ್ದ. ಒಳಗೆ ಧಡ್ ಅಂತು. ಹೊರಗೆ ಸಣ್ಣೀರಪ್ಪ ಎಗರಿ ಬಿದ್ದ.

"ಚೇಳು! ಅಯ್ಯಯ್ಯೋ ಬೆನ್ನಿಗೆ ಚೇಳು ಕಚ್ತು!"

ಎಗರಿದ ಏಟಿಗೆ ಮಂಡಕ್ಕಿ ಮೂಟೆ ಉರುಳಿ ಸಂತೆಯೆಲ್ಲಾ ಬೆಳ್ಳಗಾಯ್ತು. ಕೆಂಚಮ್ಮ ನೋಡ್ತಾಳೆ, ತಗಡಿನಿಂದ ಮೊಳೆ ಮೂತಿ ಆಚೆ ಹಾಕೈತೆ. ಕಿಟಕಿಯಿಂದ ಮಗನ ಮೂತೀನೂ ಆಚೆ ಬಂತು.

"ಅಲ್ಲಾಡ್ತೈತಾ ಅವ್ವಾ?"

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮೊಳೆ ಹೊಡೆಯೋಕೆ ಮುಂಚೆ ತಟ್ಟಿ ನೋಡ್ಬೇಕು ಕಣ್ಲಾ! ಡಬ್ ಡಬ್ ಅಂದ್ರೆ ಟೊಳ್ಳು, ಬಿಟ್ಬಿಡು. ಟಕ್ ಟಕ್ ಅಂದ್ರೆ ಒಳಗೆ ಮರ ಐತೆ ಅಂತ. ಅಲ್ಲಿ ಹೊಡಿ!"

"ಅಷ್ಟೇ ತಾನೆ? ಮೊದ್ಲೇ ಹೇಳೋದಲ್ವಾ! ಟಕ್ ಅಂದ ಕಡೆ ಹೊಡೀತೀನಿ."

ಮಾರನೇ ದಿನ ದಲ್ಲಾಳಿ ತಿಪ್ಪೇರುದ್ರಪ್ಪ ಬಂದ. ತಲೆ ಮೇಲೆ ಟೋಪಿ, ಬಾಯಿ ತುಂಬಾ ಎಲೆ ಅಡಿಕೆ, ಎಲೆ ಅಡಿಕೆಗಿಂತ ಜಾಸ್ತಿ ಸುಳ್ಳು. ಕೆಂಚಮ್ಮ ಒಲೆ ಮುಂದೆ ಕೂತು ಟೀ ಕಾಸ್ತಿದ್ಲು.

"ಉಸ್ಸಪ್ಪಾ, ಏನು ಸೆಕೆ! ತಮ್ಮಾ, ಈ ಟೋಪೀನ ಎಲ್ಲಾದ್ರೂ ನೇತಾಕಪ್ಪಾ" ಅಂದ ದಲ್ಲಾಳಿ.

ಜುಂಜ ಟೋಪಿ ಇಸ್ಕೊಂಡ. ಈ ಗೋಡೆ ತಟ್ಟಿದ, ಡಬ್ ಡಬ್. ಆ ಗೋಡೆ ತಟ್ಟಿದ, ಡಬ್ ಡಬ್. ಬಾಗಿಲ ಮೇಲೆ ತಟ್ಟಿದ, ಅಲ್ಲೂ ಡಬ್ ಡಬ್. ತಿರುಗಿ ನೋಡ್ತಾನೆ, ಟೋಪಿ ತೆಗೆದ ಬೋಳು ತಲೆ ಮಿರಮಿರ ಮಿಂಚ್ತೈತೆ. ಹೋಗಿ ಬೆರಳು ಮಡಚಿ ತಟ್ಟಿದ. ಟಕ್ ಟಕ್!

"ಅವ್ವಾ! ಸಿಕ್ತು ಕಣವ್ವಾ! ಇಲ್ಲಿ ಒಳಗೆ ಮರ ಐತೆ!"

ಅವನು ಹೇಳಿದ್ದು ಪೂರಾ ಸುಳ್ಳೂ ಅಲ್ಲ ಬಿಡಿ, ಇಂಥಾ ಗಂಡಿಗೆ ಹೆಣ್ಣು ಹುಡುಕೋಕೆ ಒಪ್ಕೊಂಡ ತಲೆ ಅದು! ಕೆಂಚಮ್ಮ ತಿರುಗೋ ಹೊತ್ತಿಗೆ ಎಡಗೈಲಿ ಮೊಳೆ, ಬಲಗೈಲಿ ಸುತ್ತಿಗೆ ಎತ್ತಿಬಿಟ್ಟಿದ್ದ. ಟೀ ಪಾತ್ರೆ ಅಲ್ಲೇ ಒಗೆದು ಸುತ್ತಿಗೆಗೆ ಜೋತು ಬಿದ್ಲು. ದಲ್ಲಾಳಿ ಬಾಗಿಲು ಎಲ್ಲೈತೆ ಅಂತಾನೂ ನೋಡ್ಲಿಲ್ಲ, ಕಿಟಕಿಯಿಂದಲೇ ಆಚೆ ಹಾರಿದ.

ಕೆಂಚಮ್ಮ ಅವನ ಹಿಂದೆ ಓಡಿ, ಕೈಕಾಲು ಹಿಡ್ಕೊಂಡು, ಒಳ್ಳೇ ಬಿದಿರಿನ ಮೊರ ಕೈಗಿಟ್ಟ ಮೇಲೆ ದಲ್ಲಾಳಿ ಸಮಾಧಾನ ಆದ.

"ಶುಕ್ರವಾರ ಹೆಣ್ಣಿನ ಕಡೆಯೋರನ್ನ ಕಳಿಸ್ತೀನಿ ಕೆಂಚಮ್ಮ. ಆದ್ರೆ ನಾನು ಮಾತ್ರ ನಿನ್ನ ಗಾಡಿ ಹತ್ತಾಕಿಲ್ಲ!"

ಕೆಂಚಮ್ಮ ವಾಪಸ್ ಬಂದು ಮಗನ ಕಿವಿ ಹಿಂಡಿದ್ಲು.

"ಮೊಳೆ ಸಾವಾಸಾನೇ ಬ್ಯಾಡ! ಒಂದು ಹಲಗೆಗೆ ಕೊಕ್ಕೆ ಹಾಕಿಸ್ಕೊಂಡು ಬಂದಿವ್ನಿ. ಗೋಡೆ ಚೆನ್ನಾಗಿ ಒರೆಸು, ಹಲಗೆ ಹಿಂದೆ ಅಂಟು ಬಳಿ, ಗೋಡೆಗಿಟ್ಟು ಮೇಲೊಂದು ಕಲ್ಲು ಆನಿಸಿ ಒತ್ತಿ ಹಿಡ್ಕೋ. ಒಣಗೋ ತನಕ ಕೈ ತೆಗೆದ್ಯೋ, ಜೋಕೆ! ಮುಗಿಸಿ ನನ್ನ ಕರಿ."

"ಕೈ ತೆಗೆಯಾಕಿಲ್ಲ ಅವ್ವಾ! ತಲೆ ಹೋದ್ರೂ ತೆಗೆಯಾಕಿಲ್ಲ!"

ಒರೆಸಿದ. ಬಳಿದ. ಎಲ್ಲಾ ಸರಿಯಾಗೇ ಮಾಡಿದ, ನಾನ್ಯಾಕೆ ಸುಳ್ಳು ಹೇಳ್ಲಿ! ಕಲ್ಲು ಬೇಕಾಯ್ತು. ಗಾಡಿ ನಿಂತಿದ್ದು ಕೆರೆ ಏರಿ ಇಳಿಜಾರಲ್ಲಿ. ಗಾಡಿ ಉರುಳದಂಗೆ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಕಣ್ಣಿಗೆ ಬಿತ್ತು. ಎಷ್ಟು ಒಳ್ಳೇ ಕಲ್ಲು, ಸುಮ್ಮನೆ ಚಕ್ರದ ಕೆಳಗೆ ಬಿದ್ದೈತೆ ಅಂದ್ಕೊಂಡು ಎತ್ಕೊಂಡು ಹೋದ.

ಕೆಂಚಮ್ಮ ಕೆರೆ ದಂಡೇಲಿ ಬಟ್ಟೆ ಒಗೀತಿದ್ಲು. ತಲೆ ಎತ್ತಿ ನೋಡ್ತಾಳೆ, ಅವಳ ಮನೆ ಅವಳ ಕಡೆಗೇ ನಡ್ಕೊಂಡು ಬರ್ತೈತೆ!

"ಜುಂಜಾ! ಬ್ರೇಕ್ ಒತ್ತೋ!"

"ಹಲಗೆ ಒತ್ತಿವ್ನಿ ಅವ್ವಾ!"

"ಗಾಡಿ ಕೆರೆಗೆ ಬೀಳ್ತದೆ ಕಣೋ, ಕೈ ಬಿಡೋ!"

"ಇನ್ನೂ ಒಣಗಿಲ್ಲ ಅವ್ವಾ! ನೀನೇ ಹೇಳಿದ್ದಿ, ಈಗ ನೀನೇ ಮಾತು ತಪ್ತೀಯಾ?"

ಸೀರೆ ಎತ್ತಿ ಕಟ್ಕೊಂಡು ಓಡಿದ್ಲು ಕೆಂಚಮ್ಮ. ಓಡೋ ಗಾಡಿ ಹತ್ತಿ ಬ್ರೇಕ್ ತುಳಿದಾಗ ಮುಂದಿನ ಚಕ್ರ ನೀರಲ್ಲಿತ್ತು. ಸ್ಟೇರಿಂಗ್ ಮೇಲೆ ತಲೆ ಇಟ್ಲು. ಇರೋದೊಂದು ಮನೆ. ಇರೋದೊಬ್ಬ ಮಗ. ಎರಡೂ ಒಟ್ಟಿಗೆ ಮುಳುಗಿಹೋಗ್ತಿದ್ವು. ಕಣ್ಣಲ್ಲಿ ನೀರು ಬಂತು. ಒರೆಸ್ಕೊಂಡು ಎದ್ದು, ಮಗನ ಬೆನ್ನಿಗೊಂದು ಬಾರಿಸಿದ್ಲು.

"ಕಲ್ಲು ಇರಬೇಕಾಗಿದ್ದು ನೆಲದಲ್ಲಿ ಕಣ್ಲಾ ಮುಠ್ಠಾಳ! ಇನ್ಮೇಲೆ ಒಂದೇ ಮಾತು, ತಲೇಲಿ ಇಟ್ಕೋ. ಭಾರದ್ದು ನೆಲಕ್ಕೆ, ಹಗುರದ್ದು ಕೊಕ್ಕೆಗೆ! ಏನೇ ಬರ್ಲಿ, ಎತ್ತಿ ನೋಡು. ಭಾರ ಇದ್ರೆ ಕೆಳಗಿಡು, ಹಗುರ ಇದ್ರೆ ನೇತಾಕು!"

"ಭಾರದ್ದು ನೆಲಕ್ಕೆ, ಹಗುರದ್ದು ಕೊಕ್ಕೆಗೆ. ಭಾರದ್ದು ನೆಲಕ್ಕೆ, ಹಗುರದ್ದು ಕೊಕ್ಕೆಗೆ" ಅಂತ ಜುಂಜ ಮೂರು ಹೊತ್ತೂ ಜಪ ಮಾಡಿದ. ಕಲ್ಲು ನೆಲಕ್ಕೆ ಹೋಯ್ತು, ಸೌಟು ಕೊಕ್ಕೆಗೆ ಬಂತು. ಬಕೀಟು ನೆಲಕ್ಕೆ, ಜರಡಿ ಕೊಕ್ಕೆಗೆ. ಗಾಡಿ ಕನ್ನಡಿ ಹಂಗಾಯ್ತು. ಕೆಂಚಮ್ಮನಿಗೇ ನಂಬಿಕೆ ಬರ್ಲಿಲ್ಲ. ನನ್ನ ಮಗ ಬುದ್ಧಿವಂತ ಆಗಿಬಿಟ್ನಾ ಅಂತ ಒಳಗೊಳಗೇ ಹಿಗ್ಗಿದ್ಲು. ಪಾಪದ ಮುದುಕಿ!

ಶುಕ್ರವಾರ ಬಂತು. ಅವಳು ಹೂವ, ವೀಳ್ಯದೆಲೆ ತರೋಕೆ ಹೋದ್ಲು. ಹೋದೋಳು ಬರೋದ್ರೊಳಗೆ ಹೆಣ್ಣಿನ ಕಡೆಯೋರು ಬಂದೇಬಿಟ್ಟಿದ್ರು. ಹುಡುಗಿ ನಾಗವೇಣಿ, ಜೊತೆಗೆ ಅವಳ ಸೋದರತ್ತೆ, ಅವಳ ತಾತ. ಅತ್ತೆ ಅಂದ್ರೆ ರಾಗಿ ಕಣಜ. ತಾತ ಅಂದ್ರೆ ಕೋಟು ಹಾಕಿಸಿದ ನುಗ್ಗೇಕಾಯಿ.

ಕೆಂಚಮ್ಮ ದೂರದಿಂದಲೇ ಕೂಗಾಟ ಕೇಳಿಸ್ಕೊಂಡ್ಲು. ಹೂವಿನ ಪೊಟ್ಟಣ ಎದೆಗೊತ್ಕೊಂಡು ಓಡಿ ಬಂದು ಇಣುಕ್ತಾಳೆ!

ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ಬಾಯಿ ಬಡ್ಕೊಳ್ತಾವ್ಳೆ. "ಕುರ್ಚೀಲಿ ಕೂತಿದ್ದೋಳನ್ನ ಎತ್ತೋಕೆ ನೋಡ್ದ ಕಣಮ್ಮಾ! ಎತ್ತಾಕಾಗ್ದೆ, ಭಾರ ಭಾರ ಅಂತ ಕೆಳಗೆ ಎಳೆದಾಕ್ದ!"

ನಾಗವೇಣಿ ಮೂಲೇಲಿ ಪೊರಕೆ ತಿರುಗಿಸಿ ಹಿಡ್ಕೊಂಡು ನಿಂತವ್ಳೆ. "ಬಾ, ನನ್ನೂ ಎತ್ತಿ ನೋಡ್ಬಾ! ಪೊರಕೆ ಎಷ್ಟು ಭಾರ ಅಂತ ನಾನು ತೋರಿಸ್ತೀನಿ!"

ತಾತ ಎಲ್ಲಿ? ತಾತ ಗೋಡೆ ಮೇಲೆ! ಸೌಟಿಗೂ ಜರಡಿಗೂ ಮಧ್ಯೆ, ಕೋಟಿನ ಕಾಲರು ಕೊಕ್ಕೆಗೆ ಸಿಕ್ಕಾಕ್ಕೊಂಡು ಕೈಕಾಲು ಆಡಿಸ್ತಾವ್ನೆ.

"ಇಳಿಸ್ರೋ! ಮನೆ ನೋಡೋಕೆ ಬಂದೋನು ಕಣ್ರೋ ನಾನು, ಮನೇಲಿ ನೇತಾಡೋಕಲ್ಲ!"

"ಅವ್ವಾ, ಎತ್ತಿ ನೋಡ್ದೆ, ಪೂರ್ತಿ ಹಗುರ!" ಅಂದ ಜುಂಜ, ಮುಖ ಅರಳಿಸ್ಕೊಂಡು.

ತಾತ ಇನ್ನೊಂದು ಸಲ ಒದ್ದಾಡಿದ. ಕರ್ ಕರ್ ಅಂತು. ಜುಂಜ ಹಿಡಿದ ಅಂಟು ನೋಡಿ, ಅಂಟೂ ಬಿಡ್ಲಿಲ್ಲ, ಹಲಗೇನೂ ಬಿಡ್ಲಿಲ್ಲ, ಕೊಕ್ಕೇನೂ ಬಿಡ್ಲಿಲ್ಲ. ಹಪ್ಪಳದಂಥಾ ಗೋಡೆಯೇ ಇಡಿಯಾಗಿ ಕಿತ್ಕೊಂಡು ಬಂತು! ತಾತ ಅತ್ತೆ ಮಡಿಲಿಗೆ ಬಿದ್ದ, ಸೌಟು, ಜರಡಿ ಅವರ ಮೇಲೆ ಬಿದ್ವು. ಮೂರೂ ಜನ ಎದ್ದು, ಚಪ್ಪಲಿ ಕೈಲಿ ಹಿಡ್ಕೊಂಡು ರಸ್ತೆ ಕಡೆ ಓಡಿದ್ರು. ನಾಗವೇಣಿ ಪೊರಕೇನೂ ಬಿಡ್ಲಿಲ್ಲ.

ಕೆಂಚಮ್ಮ ಹೂವಿನ ಪೊಟ್ಟಣದ ಸಮೇತ ಮೆಟ್ಟಿಲ ಮೇಲೆ ಕುಸಿದು ಕೂತ್ಲು. ಬೈಯೋಕೆ ಬಾಯಿ ತೆಗೆದ್ಲು, ಇದ್ದ ಬೈಗುಳ ಎಲ್ಲಾ ಖರ್ಚಾಗಿತ್ತು.

ಜುಂಜ ಬಿದ್ದಿದ್ದ ಗೋಡೇನ ಎರಡೂ ಕೈಲಿ ಎತ್ತಿ, ಮೇಲೆ ಕೆಳಗೆ ಮಾಡಿ ತೂಕ ನೋಡಿದ.

"ಅವ್ವಾ, ಇದೂ ಹಗುರಾಗೇ ಐತೆ. ಇದನ್ನ ಎಲ್ಲಿ ನೇತಾಕ್ಲಿ?"