ತಂಬಿಗೆಗೆ ತೊಡಿಸಿದ ಕುಲಾವಿ

“ಗುರುಗಳ, ಚಲೋ ಮಾತು ಕೇಳೂ ಪುಣ್ಯಾ ಎಲ್ಲಾರಿಗೂ ಇರಂಗಿಲ್ಲೇನ್ರಿ?”

ಹೀಗೆ ಕೇಳಿದವನು ಕೊಟ್ರಯ್ಯ. ಅಡವಯ್ಯ ಗುರುಗಳ ಮಠದಲ್ಲಿ ಎಲ್ಲರಿಗಿಂತ ಚೆನ್ನಾಗಿ ಪ್ರವಚನ ಮಾಡುತ್ತಿದ್ದ ಶಿಷ್ಯ ಅವನು. ಎಳೆಯ ಮಗಳನ್ನು ಜ್ವರಕ್ಕೆ ಕಳೆದುಕೊಂಡ ಒಂದು ಮನೆಗೆ ಹೋಗಿ ನಾಲ್ಕು ಸಮಾಧಾನದ ಮಾತು ಹೇಳಿ ಬಾ ಎಂದು ಗುರುಗಳು ಅವನನ್ನು ಹಿಂದಿನ ದಿನ ಕಳಿಸಿದ್ದರು. ಅವನು ನಾಲ್ಕು ಮಾತಿಗೆ ನಿಲ್ಲಿಸಿರಲಿಲ್ಲ. ಈ ದೇಹ ಮಣ್ಣಿನ ಮಡಕೆ ಎಂದು ಶುರುಮಾಡಿ ವಚನ, ಶ್ಲೋಕ, ಉಪಮೆಗಳನ್ನು ಒಂದರ ಹಿಂದೆ ಒಂದು ಪೋಣಿಸಿದ್ದ. ಅಂಗಳದ ತುಂಬ ಜನ ಸೇರಿದ್ದರು. ಹಿರಿಯರು ತಲೆದೂಗಿದರು, ಹೆಂಗಸರು ಕಣ್ಣೊರೆಸಿಕೊಂಡರು, ಕೊನೆಗೆ ಯಾರೋ ಒಂದು ಶಾಲು ಹೊದಿಸಿದರು. ಸತ್ತ ಹುಡುಗಿಯ ತಾಯಿ ಮಾತ್ರ ನಡುವೆಯೇ ಎದ್ದು ಹಿತ್ತಿಲಿಗೆ ಹೋಗಿಬಿಟ್ಟಳು. ಅದೊಂದು ಅವನ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಅಷ್ಟು ಒಳ್ಳೆಯ ಮಾತು ಕೇಳುವ ಯೋಗ್ಯತೆ ಆಕೆಗಿಲ್ಲ ಎಂದು ಅವನು ದಾರಿಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದ.

ಅಡವಯ್ಯ ಗುರುಗಳಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಪ್ರಶ್ನೆ ಕೇಳಿ ಅವರ ಮುಖ ಕೆಂಪಾಯಿತು. ಆ ಶಾಲನ್ನು ಮಡಿಸಿ ಆಚೆ ಇಡು ಎಂದರು. ಅವನು ಇಟ್ಟ. ಕೂತುಕೋ ಎಂದರು. ಅವನು ಕೂತ. ಆಮೇಲೆ ಅವರು ಈ ಕತೆ ಹೇಳಿದರು. ಹೇಳಿ ಮುಗಿಸುವ ತನಕ ಅವರ ದನಿ ತಣ್ಣಗಾಗಲಿಲ್ಲ.

ಒಂದು ಊರಿನಲ್ಲಿ ಅಕ್ಕ ತಂಗಿ ಇದ್ದರು. ಅವರಿಗೊಬ್ಬ ತಮ್ಮ. ತಮ್ಮನ ಹೆಂಡತಿ ಚೊಚ್ಚಲ ಬಸುರಿ. ಕೂಸಿಗೆ ಹೆಸರಿಡುವ ದಿನ ಸೋದರತ್ತೆ ಕುಲಾವಿ ತೊಡಿಸಬೇಕು, ಕೂಸು ತೊಟ್ಟಿಲು ಸೇರುವುದು ಆಮೇಲೆ. ಅದು ಆ ಮನೆತನದ ಪದ್ಧತಿ. ಕುಲಾವಿ ಎಂದರೆ ಕೂಸಿನ ಟೊಪ್ಪಿಗೆ. ಪಂಡಿತನಾದ ನಿನಗೆ ಇಂಥ ಸಣ್ಣ ಮಾತು ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳಿದೆ.

ಅಕ್ಕನಿಗೆ ಕ್ರೋಶಾ ಬರುತ್ತಿತ್ತು. ಕೊಕ್ಕೆಯ ಕಡ್ಡಿ ಹಿಡಿದು ಉಣ್ಣೆಯ ದಾರವನ್ನು ಕುಣಿಕೆಯೊಳಗಿಂದ ಕುಣಿಕೆಯಾಗಿ ಎಳೆಯುತ್ತ ಹೋಗುವ ಹೆಣಿಗೆ ಅದು. ತಂಗಿಗೆ ಕಸೂತಿ ಬರುತ್ತಿತ್ತು. ಅದರಲ್ಲಿಯೂ ಮೆಂತಿ ಹೊಲಿಗೆಯಲ್ಲಿ ಅವಳದು ಎತ್ತಿದ ಕೈ. ಎಳೆಯ ಮೇಲೆ ಎಳೆಯನ್ನು ಓರೆಯಾಗಿ ಅಡ್ಡ ಹಾಕುತ್ತ ಚಿತ್ರ ತುಂಬುವುದು. ಈಗಿನವರು ಅದನ್ನು ಕ್ರಾಸ್ ಸ್ಟಿಚ್ ಎನ್ನುತ್ತಾರೆ. ಅಕ್ಕ ಕುಲಾವಿ ಹೆಣೆಯುವುದು, ತಂಗಿ ಅದರ ಮೇಲೆ ಚಿತ್ರ ತೆಗೆಯುವುದು ಎಂದು ಇಬ್ಬರಲ್ಲೂ ಮಾತಾಯಿತು.

ಬಸುರಿಗೆ ಇನ್ನೂ ದಿನ ತುಂಬಿರಲಿಲ್ಲ, ಅಕ್ಕ ಹೆಣೆದು ಮುಗಿಸಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಓಣಿಯವರು ಆಡಿಕೊಂಡು ನಕ್ಕರು. ಅಕ್ಕ ಕುಲಾವಿಯೊಳಗೆ ಎರಡೂ ಕೈ ತೂರಿಸಿ ಅಗಲಿಸಿ ತೋರಿಸಿದಳು. ಇದು ನೇಯ್ದ ಬಟ್ಟೆಯಲ್ಲ, ಹಿಗ್ಗುತ್ತದೆ, ಯಾವ ತಲೆ ಬಂದರೂ ಅದಕ್ಕೆ ತಕ್ಕಂತೆ ಆಗುತ್ತದೆ ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು.

ಅದನ್ನು ತಂಗಿಯ ಕೈಗೆ ಕೊಟ್ಟು ಗಂಡನ ಊರಿಗೆ ಹೊರಡುವಾಗ ಅಕ್ಕ ಕಿವಿಮಾತು ಹೇಳಿದಳು. ಹೊಲಿಗೆ ಸಡಿಲ ಬಿಡು, ಬಿಗಿಯಬೇಡ. ಒಂದು ಚಿತ್ರ ಮುಗಿದರೆ ನೂಲನ್ನು ಅಲ್ಲಿಗೇ ಗಂಟು ಹಾಕಿ ಕತ್ತರಿಸು. ಒಳಗಿನಿಂದ ಎಳೆದುಕೊಂಡು ಮುಂದಿನ ಚಿತ್ರಕ್ಕೆ ಹೋಗಬೇಡ. ಕಸೂತಿಯ ನೂಲು ಹಿಗ್ಗುವುದಿಲ್ಲ, ಅದು ಒಳಗೆ ಸುತ್ತು ಹಾಕಿಕೊಂಡರೆ ಕುಲಾವಿಯನ್ನೂ ಹಿಗ್ಗಗೊಡುವುದಿಲ್ಲ.

ತಂಗಿಗೆ ಈ ಮಾತು ಹಿಡಿಸಲಿಲ್ಲ. ಸಡಿಲ ಬಿಟ್ಟರೆ ಹೊಲಿಗೆ ಜೋಲು ಬೀಳುತ್ತದೆ. ಗಂಟು ಎಂದರೆ ಕಸೂತಿಯವರಿಗೆ ಅವಮಾನ, ಗಂಟಿಲ್ಲದೆ ಹೊಲಿಯುವುದೇ ಅವರ ಹೆಮ್ಮೆ. ಸೀರೆಯ ಮೇಲೆ ಆ ಹೆಮ್ಮೆ ನಡೆಯುತ್ತದೆ. ಸೀರೆ ಇದ್ದಷ್ಟೇ ಇರುತ್ತದೆ, ಹಿಗ್ಗಬೇಕಾಗಿಲ್ಲ. ಇವಳು ಸೀರೆಯ ಹೆಮ್ಮೆಯನ್ನು ತಂದು ಹಸುಗೂಸಿನ ತಲೆಯ ಮೇಲೆ ಹೇರಿದಳು. ಕೇಳುತ್ತಿದ್ದೀಯಾ?

ಕೊಟ್ರಯ್ಯ ಕೇಳುತ್ತಿದ್ದೇನೆ ಎಂದು ತಲೆ ಆಡಿಸಿದ. ಗುರುಗಳು ಮುಂದುವರಿಸಿದರು.

ಕೈಯಲ್ಲಿ ಹಿಡಿದರೆ ಹೆಣಿಗೆ ಅಲುಗಾಡುತ್ತದೆ, ಗೆರೆ ನೇರ ಬರುವುದಿಲ್ಲ. ಅದಕ್ಕೆ ಅವಳು ಹಿತ್ತಾಳೆಯ ತಂಬಿಗೆಯೊಂದನ್ನು ಬೋರಲು ಹಾಕಿ, ಕುಲಾವಿಯನ್ನು ಅದಕ್ಕೆ ತೊಡಿಸಿ ಹೊಲಿಯಲು ಕೂತಳು. ಅಂಚಿನ ಸುತ್ತ ಗಿಳಿಗಳ ಸಾಲು. ಒಂದು ಗಿಳಿ ಮುಗಿದಾಗ ಸೂಜಿಯನ್ನು ಹೆಣಿಗೆಯ ಅಡಿಯಲ್ಲಿ ತೂರಿಸಿ, ನೂಲನ್ನು ಕತ್ತರಿಸದೆ ಮುಂದಿನ ಗಿಳಿಗೆ ಒಯ್ದಳು. ಹೊರಗೆ ಒಂದು ಸುಕ್ಕೂ ಕಾಣಬಾರದೆಂದು ಎಳೆದು ಬಿಗಿದಳು. ಕೂಸಿನ ತಲೆಯ ಅಳತೆ ಅವಳ ಮನಸ್ಸಿಗೆ ಒಮ್ಮೆಯೂ ಬರಲಿಲ್ಲ. ಅಳತೆಗೆ ತಂಬಿಗೆ ಇತ್ತಲ್ಲ. ತಂಬಿಗೆ ಅಳುವುದಿಲ್ಲ, ಕೊಟ್ರಯ್ಯ. ಎಷ್ಟು ಬಿಗಿದರೂ ಸುಮ್ಮನಿರುತ್ತದೆ.

ತಂಬಿಗೆಯ ಸಮೇತ ಕುಲಾವಿಯನ್ನು ಗೋಡೆಯ ಗೂಡಿನಲ್ಲಿಟ್ಟಳು. ಓಣಿಯ ಹೆಂಗಸರು ಬಂದು ನೋಡಿದರು, ಪಕ್ಕದ ಓಣಿಯವರನ್ನೂ ಕರೆತಂದರು. ಕೈಗೆ ಬಂದು ಕೂರುವ ಹಾಗಿವೆ ಗಿಳಿಗಳು ಎಂದು ಹೊಗಳಿದರು. ಕೂಸು ಹುಟ್ಟಿದ ಸುದ್ದಿ ತಿಳಿದಾಗ ಅಕ್ಕ, ಒಮ್ಮೆ ತಲೆಗಿಟ್ಟು ನೋಡು ಎಂದು ಹೇಳಿ ಕಳಿಸಿದಳು. ಹೆಸರಿಡುವ ಮೊದಲೇ ತೊಡಿಸಿದರೆ ಹೊಸತನ ಎಲ್ಲಿ ಉಳಿಯುತ್ತದೆ ಎಂದು ತಂಗಿ ಮುಖ ತಿರುಗಿಸಿದಳು. ನೋಡಲೇ ಇಲ್ಲ.

ಹೆಸರಿಡುವ ದಿನ ಮನೆ ತುಂಬ ಜನ. ಅಕ್ಕನೂ ಬಂದಿದ್ದಳು, ಒಳಗೆ ಅಡುಗೆಯ ಕೆಲಸದಲ್ಲಿದ್ದಳು. ತಂಗಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಲಾವಿ ತೊಡಿಸಿದಳು. ಅದು ತಲೆಯ ಅರ್ಧಕ್ಕೆ ಬಂದು ನಿಂತಿತು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಅಷ್ಟು ಜನರ ಮುಂದೆ ಬಿಡಲು ಮನಸ್ಸು ಬರಲಿಲ್ಲ. ಎರಡೂ ಕೈಯಿಂದ ಹಿಡಿದು ಕೆಳಕ್ಕೆಳೆದಳು. ಅಂಚು ಹಣೆಗೆ ಕಚ್ಚಿ ಕೂತಿತು. ಒಳಗೆ ಎಳೆದ ನೂಲು ಎಳೆಗಿವಿಯ ಹಿಂದೆ ಸಿಕ್ಕಿಕೊಂಡಿತು.

ಕೂಸು ಚೀರಿತು. ಹಸಿವು ಎಂದಳು ಒಬ್ಬಳು. ಯಾರದೋ ಕಣ್ಣು ಬಿತ್ತು ಎಂದಳು ಇನ್ನೊಬ್ಬಳು. ಅಳು ಇರಲಿ, ಕುಲಾವಿ ಎಷ್ಟು ಲಕ್ಷಣವಾಗಿ ಕೂತಿದೆ ನೋಡಿ ಎಂದಳು ಮತ್ತೊಬ್ಬಳು. ಬಾಣಂತಿ ಕೈ ಚಾಚಿದಳು. ಹೆಸರು ಕರೆಯುವ ತನಕ ತೆಗೆಯಬಾರದು, ಅಪಶಕುನ ಎಂದು ಆ ಕೈಯನ್ನು ತಡೆದರು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು. ಬಾಯಿ ತೆರೆದೇ ಇತ್ತು, ಸದ್ದು ಬರಲಿಲ್ಲ. ತುಟಿ ನೀಲಿಗಟ್ಟುತ್ತ ಬಂತು. ಆಗಲೂ ತಂಗಿ ಕೂಸನ್ನು ಮೆಲ್ಲಗೆ ಹೊರಳಿಸಿ, ಹಿಂದೆ ಕೂತವರಿಗೆ ಹಿಂಬದಿಯ ಗಿಳಿಗಳನ್ನು ತೋರಿಸುತ್ತಿದ್ದಳು.

ಇಲ್ಲಿಗೆ ಬಂದಾಗ ಗುರುಗಳು ಅಂಗೈಯಿಂದ ನೆಲವನ್ನು ಬಡಿದರು. ಅಲ್ಲಿ ಕೂತಿದ್ದವರೆಲ್ಲ ಹೆತ್ತ ಹೆಂಗಸರೇ, ಒಬ್ಬಳಿಗೂ ಕಣ್ಣು ಕಾಣಲಿಲ್ಲವಲ್ಲ, ಅವರ ಮೇಲೆ ನನಗೆ ಈಗಲೂ ಮೈ ಉರಿಯುತ್ತದೆ ಎಂದರು. ಮತ್ತೆ ಕತೆಗೆ ಬಂದರು.

ಆ ಬಾಣಂತಿ ಮನೆಯಲ್ಲಿ ಎಂದೂ ದನಿ ಎತ್ತಿದವಳಲ್ಲ. ನಾದಿನಿಯರ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಅವತ್ತು ತನ್ನನ್ನು ತಡೆದ ಕೈಗಳನ್ನು ಕೊಡವಿ ಎದ್ದು ನಿಂತಳು.

“ಎಲ್ಲಾರೂ ಗಿಳಿ ನೋಡಾಕತ್ತೀರಿ. ನನ್ನ ಕೂಸಿನ ಉಸುರು ನಿಂತೈತಿ, ಅದರ ಮಾರಿ ಒಬ್ಬರೂ ನೋಡವಲ್ರಿ.”

ಆ ದನಿ ಕೇಳಿ ಅಕ್ಕ ಒಳಗಿನಿಂದ ಓಡಿ ಬಂದಳು. ಕುಲಾವಿಯನ್ನು ಮೇಲಕ್ಕೆಳೆದು ನೋಡಿದಳು. ಕಿವಿ ಮಡಚಿಕೊಂಡಿತೇ ಹೊರತು ಅದು ಬರಲಿಲ್ಲ. ಏನಾಗಿದೆ ಎಂದು ಅವಳಿಗೆ ತಿಳಿಯಿತು. ಕತ್ತರಿ ತರಿಸಿದಳು. ತಂಗಿ ಅಡ್ಡ ಬಂದಳು, ಅಂಚು ಕತ್ತರಿಸಿದರೆ ಹೆಣಿಗೆಯೆಲ್ಲ ಬಿಚ್ಚಿಹೋಗುತ್ತದೆ, ಎಷ್ಟು ದಿನ ಕಣ್ಣು ಬಸಿದು ಹೊಲಿದದ್ದು ಎಂದು ಅತ್ತಳು. ಆ ಹೆಣಿಗೆಯೂ ಅಕ್ಕನದೇ ಕೈಕೆಲಸ ಎಂಬುದು ಅವಳಿಗೆ ನೆನಪಾಗಲಿಲ್ಲ. ಅಕ್ಕ ಅವಳನ್ನು ಒಂದು ಕೈಯಿಂದ ಆಚೆ ತಳ್ಳಿದಳು. ತನ್ನ ಬೆರಳನ್ನು ಕೂಸಿನ ಹಣೆಗೂ ಅಂಚಿಗೂ ನಡುವೆ ತೂರಿಸಿ, ಆ ಬೆರಳಿಗೆ ಆನಿಸಿ ಕತ್ತರಿ ಆಡಿಸಿದಳು. ಎರಡು ಗಿಳಿಗಳು ನಡುವಿಗೆ ಸೀಳಿಹೋದವು. ಅವಳ ಬೆರಳಿಗೂ ಕತ್ತರಿ ತಾಗಿ ರಕ್ತ ಬಂತು. ಕೂಸು ಒಮ್ಮೆ ಉಸಿರೆಳೆದುಕೊಂಡು ಅತ್ತಿತು.

ಹೆದರಬೇಡ, ಕೂಸು ಉಳಿಯಿತು. ಹಣೆಯ ಮೇಲೆ ಹೊಲಿಗೆಯ ಅಡ್ಡಗೆರೆಗಳು ಕೆಂಪಗೆ ಮೂಡಿದ್ದವು, ಕೆಲವು ದಿನಕ್ಕೆ ಮಾಸಿದವು. ಅಕ್ಕ ತನ್ನ ಹಳೆಯ ಸೀರೆಯ ಮೆತ್ತನೆಯ ತುಂಡನ್ನು ಆ ತಲೆಗೆ ಸುತ್ತಿ ಕೂಸನ್ನು ತೊಟ್ಟಿಲಿಗೆ ಹಾಕಿದಳು. ಹೆಸರು ಕರೆದರು. ಅಪಶಕುನ ಏನೂ ಆಗಲಿಲ್ಲ.

ತಂಗಿ ಏನು ಮಾಡಿದಳು ಗೊತ್ತೇ? ಸೀಳಿದ ಕುಲಾವಿಯನ್ನು ಎತ್ತಿಕೊಂಡು ಮನೆಗೆ ಒಯ್ದಳು. ಬಿಚ್ಚಿದ ಕುಣಿಕೆಗಳನ್ನು ಹಿಡಿದು ನಿಲ್ಲಿಸಿ ಮತ್ತೆ ಅದೇ ತಂಬಿಗೆಗೆ ತೊಡಿಸಿದಳು. ಸೀಳಿದ ಭಾಗವನ್ನು ಗೋಡೆಯ ಕಡೆ ತಿರುಗಿಸಿ ಗೂಡಿನಲ್ಲಿಟ್ಟಳು. ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾಳೆ. ಅವರೂ ಹೊಗಳುತ್ತಾರೆ. ಇಷ್ಟು ಚೆಂದದ ಕುಲಾವಿಯನ್ನು ಕೂಸಿಗೇಕೆ ತೊಡಿಸಲಿಲ್ಲ ಎಂದು ಯಾರಾದರೂ ಕೇಳಿದರೆ ನಿಟ್ಟುಸಿರು ಬಿಡುತ್ತಾಳೆ. ಏನು ಮಾಡುವುದು, ಆ ಕೂಸಿನ ತಲೆ ದೊಡ್ಡದು ಎನ್ನುತ್ತಾಳೆ.

ಕತೆ ಮುಗಿಯಿತು. ಕೊಟ್ರಯ್ಯನ ಕಿವಿ ಬಿಸಿಯಾಗಿತ್ತು. ಗುರುಗಳು ಯಾರನ್ನು ಕುರಿತು ಅಂದರು ಎಂಬುದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಸೋಲಲು ಮನಸ್ಸಾಗಲಿಲ್ಲ. ಅಲ್ಲಿದ್ದ ಉಳಿದವರೆಲ್ಲ ಕಣ್ಣೀರು ಹಾಕಿದ್ದು ಸುಳ್ಳಲ್ಲ ಎಂದ. ತಾನು ಆಡಿದ ಮಾತಿನಲ್ಲಿ ತಪ್ಪಿದ್ದರೆ ತೋರಿಸಬೇಕು ಎಂದ. ಕೊನೆಗೆ ಮೆಲ್ಲಗೆ ಕೇಳಿದ.

“ಆ ಗಿಳಿ ಚಲೋ ಇದ್ದದ್ದಂತೂ ಖರೇ ಅಲ್ಲೇನ್ರಿ, ಗುರುಗಳ?”

“ಖರೇನ. ನಾನೂ ನೋಡೀನಿ, ಭಾಳ ಚಲೋ ಅದಾವ” ಎಂದರು ಗುರುಗಳು. ಆಮೇಲೆ ಅವನ ಮುಖವನ್ನೇ ನೋಡುತ್ತ ಕೇಳಿದರು.

“ಆ ತಾಯಿ ಎದ್ದು ಹೋದ ಮ್ಯಾಲೆ ನೀ ಇನ್ನೂ ಎಷ್ಟೊತ್ತು ಮಾತಾಡಿದಿ?”