ವಂದನಾರ್ಪಣೆ ಬಾಕಿ ಇತ್ತು

ಪಕ್ಕದ ಬೆಟ್ಟದಲ್ಲಿ ಹಿಮದ ಮೇಲೆ ಜಾರುವ ಪಂದ್ಯವಿದೆ, ಹದಿನಾರು ದೇಶಗಳು ಬರುತ್ತವೆ ಎಂದು ಕಾಗೆ ಹೇಳಿದ ದಿನದಿಂದ ಕಪ್ಪೆಗಳ ಕೆರೆಯಲ್ಲಿ ಬೇರೆ ಮಾತೇ ಇರಲಿಲ್ಲ. ಕೆರೆ ಚಿಕ್ಕ ದೇಶ. ಅಲ್ಲಿಂದ ಹೋಗುವವಳು ಜಿಗ್ಗಿ ಒಬ್ಬಳೇ. ಪಾಚಿಗಟ್ಟಿದ ಬಂಡೆಯ ಮೇಲೆ ಜಾರಿ ಜಾರಿ ಅವಳ ಹೊಟ್ಟೆ ಸವೆದುಹೋಗಿತ್ತು.

"ಚಳಿ ಬೀಳುವ ಮೊದಲೇ ಹೊರಡಮ್ಮ" ಎಂದಿತು ಕಾಗೆ. "ಅಲ್ಲಿ ಬಿಸಿನೀರಿನ ಬುಗ್ಗೆಯಿದೆ, ಎಚ್ಚರವಾಗಿರುತ್ತೀಯ. ಇಲ್ಲೇ ಇದ್ದರೆ ಎಲ್ಲರ ಹಾಗೆ ಕೆಸರಲ್ಲಿ ಮಲಗಿಬಿಡುತ್ತೀಯ."

"ಬೀಳ್ಕೊಡುಗೆ ಸಭೆಯಿಲ್ಲದೆ ಕಳಿಸಿದರೆ ದೇಶದ ಮಾನ ಏನಾಗಬೇಕು?" ಎಂದ ಹಿರಿಯ ಕಪ್ಪೆ ದಪ್ಪಣ್ಣ.

ಸಭೆ ಸೇರಿತು. ಎಲ್ಲರೂ ಎರಡು ಮಾತು ಎಂದು ಎದ್ದು ಇಪ್ಪತ್ತು ಮಾತಾಡಿದರು. ದಿನಗಳು ಕಳೆದವು.

"ದಪ್ಪಣ್ಣ, ಗಾಳಿ ತಣ್ಣಗಾಯಿತು. ನಾನು ಬರಲಾ?" ಎಂದಳು ಜಿಗ್ಗಿ.

"ವಂದನಾರ್ಪಣೆ ಬಾಕಿ ಇದೆ, ಕೂತ್ಕೊಳ್ಳಮ್ಮ."

ವಂದನಾರ್ಪಣೆಯ ನಡುವೆ ಹಿಮ ಬಿತ್ತು. ಮಾತಾಡುತ್ತಿದ್ದವರೂ ಕೇಳುತ್ತಿದ್ದವರೂ ಕೆಸರಿಗಿಳಿದು ಮಲಗಿದರು. ಜಿಗ್ಗಿಯೂ ಮಲಗಿದಳು.

ಎದ್ದಾಗ ಬೇಸಿಗೆ. ಕಾಗೆ ಬಂದು, "ಪಂದ್ಯ ಮುಗಿಯಿತು. ನಿಮ್ಮ ದೇಶದ ಹೆಸರನ್ನು ಮೂರು ಸಲ ಕೂಗಿದರು, ಯಾರೂ ಇರಲಿಲ್ಲ" ಎಂದಿತು.

"ಮಿಕ್ಕವರ ಹೆಸರು?" ಎಂದ ದಪ್ಪಣ್ಣ.

"ಒಂದೊಂದೇ ಸಲ."

ಕೆರೆಗೆ ಕೆರೆಯೇ ಕುಣಿಯಿತು. ಆ ಸಂಜೆಯೇ ಅಭಿನಂದನಾ ಸಭೆ ಇಟ್ಟರು. ಸ್ವಾಗತ ಭಾಷಣ ಮುಗಿಸಿ, ಹಾರ ಹಿಡಿದುಕೊಂಡು, ದಪ್ಪಣ್ಣ ಜಿಗ್ಗಿಯ ಹೆಸರನ್ನು ಮೂರು ಸಲ ಕೂಗಿದ.

ಮುಂದಿನ ಪಂದ್ಯಕ್ಕೆ ಇನ್ನೂ ನಾಲ್ಕು ವರ್ಷವಿತ್ತು. ಜಿಗ್ಗಿ ಆಗಲೇ ಅರ್ಧ ಬೆಟ್ಟ ಹತ್ತಿದ್ದಳು.