ಚಕ್ಕುಲಿಯ ಕೆಂಪು ಬೂಟು

ಬನ್ನಿ, ಕಾಲು ಮಡಚಿ ಕೂತುಕೊಳ್ಳಿ. ಕಿವಿ ನನ್ನ ಕಡೆ ಇರಲಿ.

ಮರಳುಗಾಡಿನ ಈಚೆ ಒಂದು ಊರು. ಮರಳುಗಾಡಿನ ಆಚೆ ಒಂದು ಊರು. ನಡುವೆ ಬರೀ ಮರಳು, ಬರೀ ಬಿಸಿಲು, ಒಂದೇ ಒಂದು ಕಾಲುದಾರಿ.

ಈಚೆ ಊರಲ್ಲಿ ನಿಂಬೆವ್ವ ಇದ್ದಳು. ಪುಟ್ಟ ಹುಡುಗಿ. ಮುಂದಿನ ಹಲ್ಲು ಇನ್ನೂ ಬಂದಿಲ್ಲ. ಆದರೂ ಅತ್ತೆ! ಹೌದು, ಅತ್ತೆ! ಆಚೆ ಊರಲ್ಲಿ ಅವಳ ಅಣ್ಣನಿಗೆ ಹೆಣ್ಣುಮಗು ಹುಟ್ಟಿತ್ತು. ಅಣ್ಣನ ಮಗುವಿಗೆ ನಿಂಬೆವ್ವ ಸೋದರತ್ತೆ ಆಗಬೇಕೋ ಬೇಡವೋ? ಆಗಲೇಬೇಕು.

ಮಗುವಿಗೆ ಹೆಸರಿಡುವವರು ಯಾರು? ಸೋದರತ್ತೆ. ತೊಟ್ಟಿಲಿಗೆ ಬಗ್ಗಿ, ಕಿವಿಯಲ್ಲಿ ಕುರ್ ಕುರ್ ಅಂತ ಊದಿ, ಹೆಸರು ಹೇಳುವವರು ಯಾರು? ಸೋದರತ್ತೆ. ಆಗ ಸುತ್ತ ನಿಂತವರೆಲ್ಲ ಗುದ್, ಗುದ್, ಗುದ್ ಅಂತ ಗುದ್ದುವುದು ಯಾರ ಬೆನ್ನಿಗೆ? ಅದೂ ಸೋದರತ್ತೆಯ ಬೆನ್ನಿಗೇ! ನೋವಾಗೋ ಹಾಗಲ್ಲ ಮತ್ತೆ. ಖುಷಿಗೆ.

ಅಜ್ಜಿಗೆ ಮೊಣಕಾಲು ನೋವು. ಅವಳು ನಡೆಯುವ ಹಾಗಿಲ್ಲ.

"ನೀನ ಹೋಗವಾ" ಅಂದಳು ಅಜ್ಜಿ. "ಕಲ್ಲಗುಡ್ಡಿ ಕಂಡಲ್ಲಿ ದಾರಿ. ದೀಪ ಹಚ್ಚೂದ್ರೊಳಗ ಮುಟ್ಟು. ಹೆಸರು ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ. ಮೊದಲ ಕೇಳೂದು ಕೂಸಿನ ಕಿವಿ."

"ದೀಪ ಹಚ್ಚಿದ ಮ್ಯಾಲ ಮುಟ್ಟಿದ್ರ?"

"ಬ್ಯಾರೆಯವರು ಯಾರರೆ ಹೆಸರಿಡ್ತಾರ."

"ಬ್ಯಾರೆಯವರಾ? ಆಗಂಗಿಲ್ಲ! ನಾ ಅತ್ತಿ!" ಅಂದಳು ನಿಂಬೆವ್ವ.

ಜೊತೆಗೆ ಯಾರು ಹೊರಟರು? ಚಕ್ಕುಲಿ. ತಿನ್ನೋ ಚಕ್ಕುಲಿ ಅಲ್ಲ, ನಾಯಿ ಚಕ್ಕುಲಿ. ಬಾಲ ಸುತ್ತಿಕೊಂಡಿದೆ ನೋಡಿ, ಅದಕ್ಕೇ ಆ ಹೆಸರು.

ಅಜ್ಜಿ ಹಳೇ ಕೌದಿ ಕತ್ತರಿಸಿ ಚಕ್ಕುಲಿಗೆ ಬೂಟು ಹೊಲಿದಳು. ಮುಂದಿನ ಕಾಲಿಗೆ ಕೆಂಪು ಬೂಟು, ಹಳದಿ ಬೂಟು. ಹಿಂದಿನ ಕಾಲಿಗೆ ಹಸಿರು ಬೂಟು, ನೀಲಿ ಬೂಟು. ನಗಬೇಡಿ! ನಾಯಿಗೆ ಯಾಕೆ ಬೂಟು ಅಂತೀರಾ? ಬರಿಗಾಲಲ್ಲಿ ಮಧ್ಯಾಹ್ನದ ಮರಳು ತುಳಿದು ನೋಡಿ, ಆಮೇಲೆ ನಗಿ.

ಹೊರಟರು. ನಿಂಬೆವ್ವ ಸರ ಸರ ಸರ. ಚಕ್ಕುಲಿ ಟಪ ಟಪ ಟಪ ಟಪ. ಒಂದು ಕಲ್ಲಗುಡ್ಡೆ ಬಂತು. ಇನ್ನೊಂದು ಕಲ್ಲಗುಡ್ಡೆ ಬಂತು. ಆಮೇಲೆ ಒಂದು ದೊಡ್ಡ ಬಂಡೆ ಬಂತು. ಬಂಡೆಗೆ ನೆರಳಿತ್ತು.

ಇಬ್ಬರೂ ನೆರಳಲ್ಲಿ ಕೂತರು. ನಿಂಬೆವ್ವ ಸೋರೆ ಬುರುಡೆಯಿಂದ ನೀರು ಕುಡಿದಳು. ಚಕ್ಕುಲಿಗೂ ಕುಡಿಸಿದಳು. ಚಕ್ಕುಲಿ ಕಾಲು ನೆಕ್ಕಿತು. ಕೆಂಪು ಬೂಟು ಕಚ್ಚಿ ಕಿತ್ತು ಪಕ್ಕಕ್ಕಿಟ್ಟಿತು. ಆಮೇಲೆ ಇಬ್ಬರಿಗೂ ಜೊಂಪು ಹತ್ತಿತು.

ಎದ್ದು ನೋಡಿದರೆ, ಹಳದಿ ಬೂಟು ಇದೆ. ಹಸಿರು ಬೂಟು ಇದೆ. ನೀಲಿ ಬೂಟು ಇದೆ. ಕೆಂಪು ಬೂಟು?

ಅಯ್ಯೋ, ಕೆಂಪು ಬೂಟು ಇಲ್ಲ!

ಚಕ್ಕುಲಿ ಮರಳಿಗೆ ಕಾಲಿಟ್ಟಿತು. "ಕುಂಯ್!" ಅಂತ ಎತ್ತಿಕೊಂಡಿತು. ಪಾಪ, ಸುಟ್ಟುಹೋಯಿತು.

ಹೊತ್ತುಕೊಂಡು ಹೋಗೋಣ ಅಂದರೆ ಚಕ್ಕುಲಿ ನಿಂಬೆವ್ವನಿಗಿಂತ ದಪ್ಪ. ಕುಂಟಿಸಿಕೊಂಡು ಹೋಗೋಣ ಅಂದರೆ ಮುಂದೆ ದೊಡ್ಡ ದಿಬ್ಬ ಇದೆ. ಬಿಟ್ಟು ಹೋಗೋಣ ಅಂದರೆ... ಛೆ! ಚಕ್ಕುಲಿಯನ್ನು ಬಿಟ್ಟು ಹೋಗೋದುಂಟಾ?

ಮರಳಲ್ಲಿ ಸಣ್ಣ ಸಣ್ಣ ಹೆಜ್ಜೆ ಕಂಡವು. ಹೆಜ್ಜೆ ಹೋಗಿ ಒಂದು ಬಿಲದ ಹತ್ತಿರ ನಿಂತವು. ನಿಂಬೆವ್ವ ಸರ ಸರ ಸರ. ಚಕ್ಕುಲಿ ಮೂರು ಕಾಲಲ್ಲಿ ಕುಂಟ್, ಕುಂಟ್, ಕುಂಟ್.

"ಇಲೆವ್ವಾ, ಇಲೆವ್ವಾ, ನಮ್ಮ ಬೂಟು ಕೊಡು.
ನೀ ಬೂಟು ಕೊಟ್ರ ಚಕ್ಕುಲಿ ನಡೀತದ.
ಚಕ್ಕುಲಿ ನಡದ್ರ ನಾ ಹೋಗ್ತೀನಿ.
ನಾ ಹೋದ್ರ ಕೂಸಿಗೆ ಹೆಸರು!"

ಇಲಿ ಮೂಗು ಮಾತ್ರ ಹೊರಗೆ ಹಾಕಿತು. "ಶ್! ಮೆಲ್ಲಕ ಮಾತಾಡು. ನನ್ನ ಮಕ್ಕಳು ಅದ್ರಾಗ ಮಲಗ್ಯಾವ. ಬರೀ ಮರಳಿನ ಮ್ಯಾಲ ಹ್ಯಾಂಗ ಮಲಗಿಸ್ಲಿ? ಮೆತ್ತಗಿನ ಉಣ್ಣಿ ತಂದು ಕೊಡು. ಬೂಟು ತೊಗೊಂಡು ಹೋಗು."

ಉಣ್ಣೆ ಯಾರ ಹತ್ತಿರ ಇದೆ? ಕುರಿಯ ಹತ್ತಿರ. ನಿಂಬೆವ್ವ ಸರ ಸರ ಸರ. ಚಕ್ಕುಲಿ ಮೂರು ಕಾಲಲ್ಲಿ ಕುಂಟ್, ಕುಂಟ್, ಕುಂಟ್.

"ಕುರಿಯಕ್ಕಾ, ಕುರಿಯಕ್ಕಾ, ಒಂದು ಹಿಡಿ ಉಣ್ಣಿ ಕೊಡು.
ನೀ ಉಣ್ಣಿ ಕೊಟ್ರ ಇಲಿ ಬೂಟು ಕೊಡ್ತದ.
ಇಲಿ ಬೂಟು ಕೊಟ್ರ ಚಕ್ಕುಲಿ ನಡೀತದ.
ಚಕ್ಕುಲಿ ನಡದ್ರ ನಾ ಹೋಗ್ತೀನಿ.
ನಾ ಹೋದ್ರ ಕೂಸಿಗೆ ಹೆಸರು!"

"ಬ್ಯಾ!" ಅಂದಿತು ಕುರಿ. "ಹೊಟ್ಟಿ ಹಸದದ. ಹಸದ ಹೊಟ್ಟ್ಯಾಗ ಯಾರರೆ ಮೈ ಕತ್ತರಿಸ್ಕೋತಾರೇನು? ಜಾಲಿಕಾಯಿ ತಂದು ಕೊಡು. ಉಣ್ಣಿ ತೊಗೊಂಡು ಹೋಗು."

ಈ ಕುರಿಯ ಜಂಬ ನೋಡಿ! ಆದರೂ ಹಸಿವು ಹಸಿವೇ ಅಲ್ಲವಾ. ಸೂರ್ಯ ಆಗಲೇ ಸ್ವಲ್ಪ ವಾಲಿದ್ದ. ನಿಂಬೆವ್ವ ಸರ ಸರ ಸರ. ಚಕ್ಕುಲಿ ಮೂರು ಕಾಲಲ್ಲಿ ಕುಂಟ್, ಕುಂಟ್, ಕುಂಟ್.

"ಜಾಲಿ ಅಜ್ಜಾ, ಜಾಲಿ ಅಜ್ಜಾ, ನಾಕು ಕಾಯಿ ಉದುರಿಸು.
ನೀ ಕಾಯಿ ಕೊಟ್ರ ಕುರಿ ಉಣ್ಣಿ ಕೊಡ್ತದ.
ಕುರಿ ಉಣ್ಣಿ ಕೊಟ್ರ ಇಲಿ ಬೂಟು ಕೊಡ್ತದ.
ಇಲಿ ಬೂಟು ಕೊಟ್ರ ಚಕ್ಕುಲಿ ನಡೀತದ.
ಚಕ್ಕುಲಿ ನಡದ್ರ ನಾ ಹೋಗ್ತೀನಿ.
ನಾ ಹೋದ್ರ ಕೂಸಿಗೆ ಹೆಸರು!"

ಜಾಲಿಮರ ಮುಳ್ಳು ಅಲ್ಲಾಡಿಸಿತು. "ನನ್ನ ಬೇರು ಒಣಗಿ ಹೋಗ್ಯಾವ ಮೊಮ್ಮಗಳ. ನಿನ್ನ ಬುರುಡಿ ನೀರು ನನಗ ಗುಟುಕಿಗೂ ಸಾಲಂಗಿಲ್ಲ. ಒಂದು ಕೊಡ ನೀರು ಹಾಕು. ಕಾಯಿ ತೊಗೊಂಡು ಹೋಗು."

ಸೂರ್ಯ ಇನ್ನಷ್ಟು ವಾಲಿದ. ನಿಂಬೆವ್ವ ಸರ ಸರ ಸರ. ಚಕ್ಕುಲಿ ಮೂರು ಕಾಲಲ್ಲಿ ಕುಂಟ್, ಕುಂಟ್, ಕುಂಟ್. ಬಾವಿಗೆ ಬಂದು ಇಣುಕಿದರು. ಅಬ್ಬಬ್ಬಾ, ಎಷ್ಟು ಆಳ!

"ಬಾವಿ ದೊಡ್ಡವ್ವಾ, ಬಾವಿ ದೊಡ್ಡವ್ವಾ, ಒಂದು ಕೊಡ ನೀರು ಕೊಡು.
ನೀ ನೀರು ಕೊಟ್ರ ಜಾಲಿ ಕಾಯಿ ಕೊಡ್ತದ.
ಜಾಲಿ ಕಾಯಿ ಕೊಟ್ರ ಕುರಿ ಉಣ್ಣಿ ಕೊಡ್ತದ.
ಕುರಿ ಉಣ್ಣಿ ಕೊಟ್ರ ಇಲಿ ಬೂಟು ಕೊಡ್ತದ.
ಇಲಿ ಬೂಟು ಕೊಟ್ರ ಚಕ್ಕುಲಿ ನಡೀತದ.
ಚಕ್ಕುಲಿ ನಡದ್ರ ನಾ ಹೋಗ್ತೀನಿ.
ನಾ ಹೋದ್ರ ಕೂಸಿಗೆ ಹೆಸರು!"

ಬಾವಿ ಆಳದಿಂದ ಮಾತಾಡಿತು. "ತೊಗೋ-ಗೋ-ಗೋ! ನಾ ಬ್ಯಾಡ ಅಂದೀನೇನು-ನು-ನು? ಕೊಡ ದಂಡಿ ಮ್ಯಾಲ ಅದ. ಹಗ್ಗ ಇಲ್ಲ-ಲ್ಲ-ಲ್ಲ. ಹಗ್ಗ ತೊಗೊಂಡು ಬಾ-ಬಾ-ಬಾ!"

ಹಗ್ಗ ಯಾರ ಹತ್ತಿರ ಇದೆ? ಅಗೋ, ಅಲ್ಲಿ ಒಂದು ಒಂಟೆ. ಅದರ ಕೊರಳಲ್ಲಿ ಉದ್ದದ ಹಗ್ಗ. ಅದರ ಕಾಲ ಹತ್ತಿರ ಒಂದು ಮರಿ. ನಿಂಬೆವ್ವ ಸರ ಸರ ಸರ. ಚಕ್ಕುಲಿ ಮೂರು ಕಾಲಲ್ಲಿ ಕುಂಟ್, ಕುಂಟ್... ಉಸ್ಸಪ್ಪಾ! ಕೂತೇಬಿಟ್ಟಿತು. ಮತ್ತೆ ಎದ್ದಿತು. ಕುಂಟ್.

"ಒಂಟಿ ಚಿಗವ್ವಾ, ಒಂಟಿ ಚಿಗವ್ವಾ, ನಿನ್ನ ಹಗ್ಗ ಕೊಡು.
ನೀ ಹಗ್ಗ ಕೊಟ್ರ ಬಾವಿ ನೀರು ಕೊಡ್ತದ.
ಬಾವಿ ನೀರು ಕೊಟ್ರ ಜಾಲಿ ಕಾಯಿ ಕೊಡ್ತದ.
ಜಾಲಿ ಕಾಯಿ ಕೊಟ್ರ ಕುರಿ ಉಣ್ಣಿ ಕೊಡ್ತದ.
ಕುರಿ ಉಣ್ಣಿ ಕೊಟ್ರ ಇಲಿ ಬೂಟು ಕೊಡ್ತದ.
ಇಲಿ ಬೂಟು ಕೊಟ್ರ ಚಕ್ಕುಲಿ ನಡೀತದ.
ಚಕ್ಕುಲಿ ನಡದ್ರ ನಾ ಹೋಗ್ತೀನಿ.
ನಾ ಹೋದ್ರ ಕೂಸಿಗೆ ಹೆಸರು!"

ಒಂಟೆ ಮೆಲುಕು ಹಾಕುತ್ತಾ ಕೇಳಿತು. "ಕೂಸಿಗೆ ಹೆಸರಾ? ನೀ ಅತ್ತಿ ಏನು?"

"ಹೌದು, ನಾ ಅತ್ತಿ!"

"ಹಂಗಾರ ಕೇಳು. ನನ್ನ ಮಗಳು ಮೊನ್ನೆ ಹುಟ್ಟ್ಯಾಳ. ಅಕಿಗೆ ಅತ್ತಿ ಇಲ್ಲ. ಅತ್ತಿ ಇಲ್ಲ ಅಂತ ಹೆಸರೂ ಇಲ್ಲ. ನಿನ್ನ ಬಾಯಾಗಿನ ಹೆಸರು ನನ್ನ ಮಗಳಿಗೆ ಇಡು. ಹಗ್ಗ ತೊಗೊಂಡು ಹೋಗು."

ನಿಂಬೆವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹೆಸರು ಕೊಟ್ಟರೆ ಹಗ್ಗ ಸಿಗುತ್ತೆ. ಬೂಟೂ ಸಿಗುತ್ತೆ. ಆದರೆ ಅಣ್ಣನ ಮಗುವಿಗೆ ಏನು ಉಳಿಯುತ್ತೆ? ಒಬ್ಬರಿಗೆ ಇಟ್ಟ ಹೆಸರನ್ನು ಕಿತ್ತು ಇನ್ನೊಬ್ಬರಿಗೆ ಇಡೋಕಾಗುತ್ತಾ? ಮೊದಲು ಕೇಳೋದು ಕೂಸಿನ ಕಿವಿ ಅಂದಿದ್ದಳು ಅಜ್ಜಿ. ನಿಂಬೆವ್ವನಿಗೆ ಅಳು ಬಂತು. ಅತ್ತೆ ಆದವಳು ಅಳಬಾರದು ಅಂತ ಮೂಗು ಒರೆಸಿಕೊಂಡಳು. ಮತ್ತೆ ಬಂತು. ಮತ್ತೆ ಒರೆಸಿಕೊಂಡಳು.

ಆಗ ಒಂಟೆಮರಿ ಎದ್ದು ನಿಂತಿತು. ಬಿದ್ದಿತು. ಮತ್ತೆ ಎದ್ದಿತು. ಉದ್ದನೆ ಕಾಲು ಒಂದು ಆ ಕಡೆ, ಒಂದು ಈ ಕಡೆ. ಹಾಗೇ ಸುಂಯ್ ಅಂತ ಓಡಿ ಒಂದು ಸುತ್ತು ಹಾಕಿ ಬಂದು ನಿಂಬೆವ್ವನ ಜಡೆ ಚೀಪಿತು.

ನಿಂಬೆವ್ವ ನಕ್ಕಳು. "ಚಿಗವ್ವಾ, ಆ ಹೆಸರು ಆ ಕೂಸಿಂದು. ಅದನ್ನ ಕೊಡಂಗಿಲ್ಲ. ನಿನ್ನ ಮಗಳಿಗೆ ಅಕಿದಽ ಹೆಸರು ಇಡ್ತೀನಿ. ಹೊಸಾದು!"

ಮರಿಯ ಕಿವಿ ಹಿಡಿದಳು. ಕುರ್ ಕುರ್ ಅಂತ ಊದಿದಳು. "ಗಾಳೆವ್ವಾ!" ಅಂದಳು.

ಒಂಟೆಗೆ ಖುಷಿಯೋ ಖುಷಿ. ಶಾಸ್ತ್ರ ಬಿಡೋಕಾಗುತ್ತಾ? ಅತ್ತೆಯ ಬೆನ್ನಿಗೆ ಗದ್ದದಿಂದ ಒಂದು ಕೊಟ್ಟಿತು, ಧಡ್! ನಿಂಬೆವ್ವ ಮರಳಿಗೆ ಮುಖ ಅಡಿಯಾಗಿ ಬಿದ್ದಳು.

"ಭೌ ಭೌ ಭೌ! ನಮ್ಮ ನಿಂಬಿಗೆ ಹೊಡೀತೀಯಾ?" ಚಕ್ಕುಲಿ ಮೂರು ಕಾಲಲ್ಲೇ ಒಂಟೆಯ ಸುತ್ತ ಕುಣಿಯಿತು.

"ಹೊಡದಿಲ್ಲೋ ಹುಚ್ಚಪ್ಪಾ, ಗುದ್ದ್ಯಾಳ!" ಅಂದಳು ನಿಂಬೆವ್ವ, ಬಾಯೊಳಗಿನ ಮರಳು ಉಗುಳುತ್ತಾ.

ಮತ್ತೇನು? ಒಂಟೆ ಹಗ್ಗ ಕೊಟ್ಟಿತು. ಹಗ್ಗ ಕಟ್ಟಿ ಕೊಡ ಬಿಟ್ಟರು, ಬಾವಿ ನೀರು ಕೊಟ್ಟಿತು. ಗಾಳೆವ್ವನೂ ಬಂದು ಕುಡಿದಳು. "ಹಗ್ಗ ಇಲ್ಲೇ ಇರ್ಲಿ, ಬರೋರು ಹೋಗೋರು ಸೇದ್ಕೊಳ್ಳಲಿ" ಅಂದಿತು ಒಂಟೆ. ನೀರು ಹಾಕಿದರು, ಜಾಲಿ ಕಾಯಿ ಕೊಟ್ಟಿತು, ಪಟ ಪಟ ಪಟ. ಕಾಯಿ ತಿನ್ನಿಸಿದರು, ಕುರಿ ಉಣ್ಣೆ ಕೊಟ್ಟಿತು. ಉಣ್ಣೆ ಹಾಸಿದರು, ಇಲಿ ಒಂದೊಂದೇ ಮಗುವನ್ನು ಎತ್ತಿ ಉಣ್ಣೆಯಲ್ಲಿ ಮಲಗಿಸಿತು. ಒಂದೂ ಏಳಲಿಲ್ಲ. ಇಲಿ ಬೂಟು ಕೊಟ್ಟಿತು.

ಕೆಂಪು ಬೂಟು, ಹಳದಿ ಬೂಟು, ಹಸಿರು ಬೂಟು, ನೀಲಿ ಬೂಟು!

ಈಗ ನೋಡಿ. ನಿಂಬೆವ್ವ ಸರ ಸರ ಸರ. ಚಕ್ಕುಲಿ ಟಪ ಟಪ ಟಪ ಟಪ. ಕಲ್ಲಗುಡ್ಡೆ ದಾಟಿದರು. ದೊಡ್ಡ ದಿಬ್ಬ ಹತ್ತಿದರು. ಅಲ್ಲಿಂದ ಜಾರುಬಂಡಿ ಥರ ಕೂತು ಜಾರಿದರು, ಸುಂಯ್!

ಆಚೆ ಊರಲ್ಲಿ ಸೂರ್ಯ ಮುಳುಗುತ್ತಿದ್ದ. ತೊಟ್ಟಿಲಲ್ಲಿ ಮಗು ಒಂದೇ ಸಮ ಅಳುತ್ತಿತ್ತು. ಪಕ್ಕದ ಮನೆಯ ಸಕ್ರೆವ್ವ ಬತ್ತಿ ಹೊಸೆದು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದಿದ್ದಳು.

"ಅತ್ತಿ ಬರಲಿಲ್ಲ. ನಾನಽ ಹೆಸರಿಡ್ಲೇನು?" ಅಂದಳು.

"ಇನ್ನೊಂದೀಟು ತಡೀರಿ" ಅಂದಳು ಮಗುವಿನ ಅವ್ವ, ಬಾಗಿಲ ಕಡೆ ನೋಡುತ್ತಾ.

ಟಪ ಟಪ ಟಪ ಟಪ! ಬಾಗಿಲಲ್ಲಿ ಕೆಂಪು ಬೂಟು. ಹಳದಿ ಬೂಟು. ಹಸಿರು ಬೂಟು. ನೀಲಿ ಬೂಟು. ಹಿಂದೆ ಏದುಸಿರು ಬಿಡುತ್ತಾ ಅತ್ತೆ!

"ವೈನೀ, ಬಂದೆ!" ಅಂತ ಅತ್ತಿಗೆಯನ್ನು ಕೂಗಿದಳು.

ನಿಂಬೆವ್ವ ತೊಟ್ಟಿಲಿಗೆ ಬಗ್ಗಿದಳು. ಕಿವಿಯಲ್ಲಿ ಕುರ್ ಕುರ್ ಅಂತ ಊದಿದಳು. ಇಡೀ ದಿನ ಬಾಯಲ್ಲಿ ಕಾಪಾಡಿದ ಹೆಸರು ಹೇಳಿದಳು.

"ತಂಪವ್ವಾ!"

ಗುದ್! ಅಣ್ಣ ಗುದ್ದಿದ. ಗುದ್! ವೈನಿ ಗುದ್ದಿದಳು. ಗುದ್! ಸಕ್ರೆವ್ವ ಗುದ್ದಿದಳು.

ಚಕ್ಕುಲಿಗೆ ಸಿಟ್ಟು ಬಂತು. ಒಂಟೆ ಕೊಟ್ಟಿದ್ದು ಸಾಲದು ಅಂತ ಇವರೂ ಶುರು ಮಾಡಿದರಾ? ಹಾರಿ ನಡುವೆ ನಿಂತಿತು. "ಭೌ ಭೌ ಭೌ!"

ಎಲ್ಲರ ಕೈ ನಿಂತಿತು. ಮಗುವಿನ ಅಳುವೂ ನಿಂತಿತು. ಮಗು ಚಕ್ಕುಲಿಯನ್ನು ನೋಡಿತು. ಬಾಯಿ ಅಗಲ ಮಾಡಿತು. ಕಿಲಕಿಲ ನಕ್ಕಿತು! ಅದೇ ಅದರ ಮೊದಲ ನಗು. ಅದಕ್ಕೂ ಹಲ್ಲಿಲ್ಲ, ಅದರ ಅತ್ತೆಗೂ ಮುಂದಿನ ಹಲ್ಲಿಲ್ಲ.

ಸಕ್ರೆವ್ವ ದೀಪ ಹಚ್ಚಿದಳು.

"ಇಷ್ಟೊತ್ತು ಎಲ್ಲಿದ್ದೆವಾ ತಂಗಿ?" ಅಂದ ಅಣ್ಣ.

ನಿಂಬೆವ್ವ ಉಸಿರು ಎಳೆದುಕೊಂಡಳು. "ನಾ ಗಾಳೆವ್ವಗ ಹೆಸರಿಟ್ಟೆ. ಒಂಟಿ ಹಗ್ಗ ಕೊಡ್ತು. ಬಾವಿ ನೀರು ಕೊಡ್ತು. ಜಾಲಿ ಕಾಯಿ ಕೊಡ್ತು. ಕುರಿ ಉಣ್ಣಿ ಕೊಡ್ತು. ಇಲಿ ಬೂಟು ಕೊಡ್ತು. ಚಕ್ಕುಲಿ ನಡೀತು. ನಾ ಬಂದೆ. ಕೂಸಿಗೆ ಹೆಸರಾತು!"

ವೈನಿ ಚಕ್ಕುಲಿಯ ಬೂಟು ಬಿಚ್ಚಿ, ಮರಳು ಕೊಡವಿ, ತೊಟ್ಟಿಲ ಮೇಲೆ ಕಟ್ಟಿದಳು. ಕೆಂಪು, ಹಳದಿ, ಹಸಿರು, ನೀಲಿ. ತಂಪವ್ವ ಅದನ್ನೇ ನೋಡುತ್ತಾ ಮಲಗಿದಳು. ತೊಟ್ಟಿಲ ಕೆಳಗೆ ಚಕ್ಕುಲಿ ಮಲಗಿತು. ಅದರ ಹೊಟ್ಟೆಗೆ ತಲೆ ಕೊಟ್ಟು ಅತ್ತೆಯೂ ಮಲಗಿಬಿಟ್ಟಳು.

ನಮ್ಮ ಕತೆಯೂ ಮರಳು ದಾಟಿ ಬಂತು, ಬೂಟು ಬಿಚ್ಚಿತು, ಮಲಗಿತು. ಏಳಿ, ಇನ್ನು ನೀವೂ ಮಲಗಿ.